ಹೀಟ್‌ಸಿಂಕ್ ಇಲ್ಲದ ಐದು ವಾಟ್: 7 ಮೆಗಾಹರ್ಟ್ಸ್‌ಗೆ ಪುಟ್ಟ ಕ್ಲಾಸ್-ಇ ಪವರ್ ಆಂಪ್ಲಿಫೈಯರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಮಳೆಗಾಲದಲ್ಲಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗುಡ್ಡ ಜರಿದು, ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾದಾಗ ಮಲೆನಾಡಿನ ಹವ್ಯಾಸಿ ರೇಡಿಯೊದವರಿಗೆ ಕೆಲಸಕ್ಕೆ ಬರುವುದು 7 ಮೆಗಾಹರ್ಟ್ಸ್ ಬ್ಯಾಂಡ್. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ತರಂಗ ಮುಂದಿನ ಗುಡ್ಡಕ್ಕೆ ಬಡಿದು ನಿಲ್ಲುತ್ತದೆ. 7 ಮೆಗಾಹರ್ಟ್ಸ್ ತರಂಗವನ್ನು ಹೆಚ್ಚುಕಡಿಮೆ ನೆತ್ತಿಯ ಮೇಲಕ್ಕೆ ಹೊಡೆದರೆ ಹಗಲಿನಲ್ಲಿ ಅಯಾನುಮಂಡಲ ಅದನ್ನು ವಾಪಸು ಕಳಿಸುತ್ತದೆ. ಹಾಸನದಿಂದ ಬೆಂಗಳೂರಾಗಲಿ, ಚಿಕ್ಕಮಗಳೂರಿನಿಂದ ಮಂಗಳೂರಾಗಲಿ, ನಡುವಿನ ಗುಡ್ಡಗಳು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ಐದು ವಾಟ್ ಸಾಕು. ಬೇಕಾಗಿರುವುದು ಆ ಐದು ವಾಟನ್ನು ಸಣ್ಣ ಬ್ಯಾಟರಿಯಿಂದ, ಸಣ್ಣ ಬೋರ್ಡಿನಲ್ಲಿ, ಬಿಸಿಯಾಗದಂತೆ ಹೊರಡಿಸುವ ಆಂಪ್ಲಿಫೈಯರ್.

ಪುಟ್ಟದಾಗಿಸುವುದು ಎಂದರೆ ಚಿಕ್ಕ ಬಿಡಿಭಾಗ ಹುಡುಕುವುದು ಎಂದು ಹಲವರು ತಿಳಿಯುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಶೇ 50ರ ದಕ್ಷತೆಯ ಸಾಂಪ್ರದಾಯಿಕ ಆಂಪ್ಲಿಫೈಯರ್ ಐದು ವಾಟ್ ಹೊರಹಾಕುವಾಗ ಇನ್ನೈದು ವಾಟನ್ನು ಶಾಖವಾಗಿ ಸುರಿಯುತ್ತದೆ. ಅದಕ್ಕೆ ಹೀಟ್‌ಸಿಂಕ್ (ಶಾಖ ಹೀರಿ ಹೊರಬಿಡುವ ಲೋಹದ ತುಂಡು) ಬೇಕು, ಗಾಳಿಯಾಡಲು ಜಾಗ ಬೇಕು, ದೊಡ್ಡ ಬ್ಯಾಟರಿ ಬೇಕು. ದಕ್ಷತೆ ಶೇ 86ಕ್ಕೆ ಏರಿದರೆ ವ್ಯರ್ಥವಾಗುವುದು ಬರೀ 0.8 ವಾಟ್, ಅದರಲ್ಲೂ ಟ್ರಾನ್ಸಿಸ್ಟರಿನ ಪಾಲು ಸುಮಾರು ಅರ್ಧ. ಹೀಟ್‌ಸಿಂಕ್ ತಾನಾಗಿಯೇ ಮಾಯವಾಗುತ್ತದೆ. ಹಾಗಾಗಿ ಮೊದಲು ದಕ್ಷತೆಯನ್ನು ಗೆಲ್ಲಬೇಕು, ಗಾತ್ರ ಅದರ ಹಿಂದೆಯೇ ಕುಗ್ಗುತ್ತದೆ.

ಶುರು ಮಾಡುವ ಮುನ್ನ ಎರಡು ಮಾತು. ಆಂಟೆನಾಗೆ ಜೋಡಿಸಿ ಪ್ರಸಾರ ಮಾಡಲು ಕೇಂದ್ರ ಸಂಪರ್ಕ ಸಚಿವಾಲಯ ಕೊಡುವ ಹವ್ಯಾಸಿ ರೇಡಿಯೊ ಪರವಾನಗಿ ಕಡ್ಡಾಯ. ಪರವಾನಗಿ ಇಲ್ಲದವರು ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿಯನ್ನು ಹೀರುವ ರೋಧಕ) ಹಾಕಿಕೊಂಡು ಮೇಜಿನ ಮೇಲಿನ ಪ್ರಯೋಗಕ್ಕೆ ನಿಲ್ಲಿಸಿಕೊಳ್ಳಿ. ಎರಡನೆಯದಾಗಿ, ಕ್ಲಾಸ್-ಇ ಸ್ವಿಚ್ಚಿನಂತೆ ಕೆಲಸ ಮಾಡುವ ಆಂಪ್ಲಿಫೈಯರ್. ಮೋರ್ಸ್, ಎಫ್‌ಟಿ8 (ಕಂಪ್ಯೂಟರಿನ ಡಿಜಿಟಲ್ ವಿಧಾನ), ಎಫ್‌ಎಂ ಮುಂತಾದ ಒಂದೇ ಮಟ್ಟದ ಸಂಕೇತಗಳಿಗೆ ಸರಿ. ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್) ಮಾತನಾಡಬೇಕೆಂದರೆ ಇದು ನಿಮ್ಮ ಮಾರ್ಗವಲ್ಲ. ಅದಕ್ಕೆ ಸಂಕೇತದ ಏರಿಳಿತವನ್ನು ಹಾಗೇ ಉಳಿಸುವ ಲೀನಿಯರ್ ಆಂಪ್ಲಿಫೈಯರ್ ಬೇಕು, ದಕ್ಷತೆಯ ಆಸೆಯನ್ನೂ ಬಿಡಬೇಕು.

ಕ್ಲಾಸ್-ಇ ಮಾಡುವುದೇನು

ನೇಥನ್ ಸೋಕಲ್ ಮತ್ತು ಅವರ ಮಗ ಅಲನ್ ಸೋಕಲ್ 1975ರಲ್ಲಿ ಪ್ರಕಟಿಸಿದ ಈ ವಿಧಾನದ ತಿರುಳು ಸರಳ. ಟ್ರಾನ್ಸಿಸ್ಟರಿನ ಮೇಲೆ ವೋಲ್ಟೇಜೂ ಅದರೊಳಗೆ ಕರೆಂಟೂ ಒಟ್ಟಿಗೆ ಇದ್ದಾಗ ಮಾತ್ರ ಶಾಖ ಹುಟ್ಟುತ್ತದೆ. ಎರಡೂ ಒಂದೇ ಹೊತ್ತಿಗೆ ಇರದಂತೆ ನೋಡಿಕೊಂಡರಾಯಿತು. ಡ್ರೇನಿನಿಂದ (ಟ್ರಾನ್ಸಿಸ್ಟರಿನ ಹೊರಹರಿವಿನ ಕಾಲು) ಆಚೆಗೆ ಇರುವ ಕೆಪಾಸಿಟರ್, ಕಾಯಿಲ್‌ಗಳನ್ನು ಸರಿಯಾದ ಅಳತೆಯಲ್ಲಿ ಆರಿಸಿದರೆ, ಟ್ರಾನ್ಸಿಸ್ಟರ್ ಮತ್ತೆ ಆನ್ ಆಗುವ ಕ್ಷಣಕ್ಕೆ ಸರಿಯಾಗಿ ಡ್ರೇನ್ ವೋಲ್ಟೇಜು ತನ್ನಿಂದ ತಾನೇ ಸೊನ್ನೆಗೆ ಇಳಿದಿರುತ್ತದೆ. ಇಳಿಜಾರು ಕೂಡ ಆಗ ಸೊನ್ನೆ. ಹೀಗಾಗಿ ಸಮಯದಲ್ಲಿ ಒಂದೆರಡು ನ್ಯಾನೋಸೆಕೆಂಡ್ ಹೆಚ್ಚುಕಮ್ಮಿ ಆದರೂ ನಷ್ಟ ಸಣ್ಣದು.

ಈ ಲಾಭಕ್ಕೆ ತೆರುವ ಬೆಲೆ ವೋಲ್ಟೇಜು. ಡ್ರೇನಿನ ಶಿಖರ ವೋಲ್ಟೇಜು ಪೂರೈಕೆಯ 3.56 ಪಟ್ಟು ಏರುತ್ತದೆ: 12 ವೋಲ್ಟಿಗೆ 43 ವೋಲ್ಟ್.

ಟ್ರಾನ್ಸಿಸ್ಟರ್ ಆಯ್ಕೆ

ಹವ್ಯಾಸಿಗಳ ಕೈ ಮೊದಲು ಐಆರ್‌ಎಫ್510 ಕಡೆಗೆ ಹೋಗುತ್ತದೆ. ಗಟ್ಟಿ ಟ್ರಾನ್ಸಿಸ್ಟರ್, 100 ವೋಲ್ಟ್ ತಾಳುತ್ತದೆ. ಆದರೆ ಅದರ ಗೇಟಿನ (ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡುವ ಕಾಲು) ಚಾರ್ಜು 8.3 ನ್ಯಾನೋಕೂಲಂಬಿನವರೆಗೂ ಹೋಗುತ್ತದೆ. ಸೆಕೆಂಡಿಗೆ 70.5 ಲಕ್ಷ ಸಲ ಅದನ್ನು 10 ವೋಲ್ಟಿಗೆ ತುಂಬಿ ಖಾಲಿ ಮಾಡಲು ಅರ್ಧ ವಾಟಿಗೂ ಹೆಚ್ಚು ಬೇಕು. ಐದು ವಾಟ್ ಪಡೆಯಲು ಬಾಗಿಲಲ್ಲೇ ಅರ್ಧ ವಾಟ್ ಸುಂಕ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಅದರ ಬದಲು ಮೂರು ಬಿಎಸ್170 ಟ್ರಾನ್ಸಿಸ್ಟರ್‌ಗಳನ್ನು ಸಮಾಂತರವಾಗಿ ಜೋಡಿಸಿ. ಒಂದೊಂದೂ 60 ವೋಲ್ಟ್ ತಾಳುತ್ತದೆ. ಗೇಟ್ ಕೆಪಾಸಿಟನ್ಸ್ ಕೆಲವು ಹತ್ತು ಪಿಕೋಫ್ಯಾರಡ್ ಅಷ್ಟೇ ಆದ್ದರಿಂದ 5 ವೋಲ್ಟಿನ ಲಾಜಿಕ್ ಚಿಪ್ಪು ಮೂರನ್ನೂ ನೇರವಾಗಿ ಓಡಿಸುತ್ತದೆ, ಡ್ರೈವಿಗೆ ಖರ್ಚಾಗುವುದು ಕೆಲವು ಹತ್ತು ಮಿಲಿವಾಟ್. ಪುಟ್ಟ ಪ್ಲಾಸ್ಟಿಕ್ ಕವಚದ ಈ ಟ್ರಾನ್ಸಿಸ್ಟರ್ 0.83 ವಾಟ್ ಶಾಖ ತಡೆಯಬಲ್ಲದು. ನಮ್ಮ ಲೆಕ್ಕದಲ್ಲಿ ಒಂದೊಂದರ ಪಾಲಿಗೆ ಬರುವುದು 0.15 ವಾಟಿನ ಆಸುಪಾಸು. ಶೇ 50ರ ದಕ್ಷತೆಯಲ್ಲಾಗಿದ್ದರೆ ಒಂದೊಂದಕ್ಕೆ 1.7 ವಾಟ್ ಬಿದ್ದು ಸುಟ್ಟುಹೋಗುತ್ತಿದ್ದವು.

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುವಾಗ ಬಿಎಸ್170 ಇಲ್ಲವೆಂದು 2ಎನ್7000 ಕಳಿಸಿದರೆ ಎಚ್ಚರ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು ನೋಡಿದರೆ ಬಿಎಸ್170ರ ಕಾಲುಗಳು ಎಡದಿಂದ ಡ್ರೇನ್, ಗೇಟ್, ಸೋರ್ಸ್. 2ಎನ್7000ರಲ್ಲಿ ಸೋರ್ಸ್, ಗೇಟ್, ಡ್ರೇನ್. ತಿರುಗಿಸದೆ ಕೂರಿಸಿದರೆ ಒಳಗಿನ ಡಯೋಡ್ ಪೂರೈಕೆಯನ್ನು ನೇರ ನೆಲಕ್ಕೆ (ಗ್ರೌಂಡಿಗೆ) ಜೋಡಿಸಿಬಿಡುತ್ತದೆ. 2ಎನ್7000ರ ಕರೆಂಟಿನ ಮಿತಿಯೂ ಕಡಿಮೆ.

ಲೆಕ್ಕ

ಸೋಕಲ್ ಸೂತ್ರಗಳು ಉದ್ದವಾಗಿವೆ. ಕ್ಯೂ ಮೌಲ್ಯವನ್ನು (ಟ್ಯೂನಿಂಗ್ ಎಷ್ಟು ಮೊನಚು ಎಂದು ಹೇಳುವ ಸಂಖ್ಯೆ) 5 ಎಂದು ನಿಗದಿ ಮಾಡಿಕೊಂಡರೆ ಅವು ಚಿಕ್ಕದಾಗುತ್ತವೆ. 5 ಏಕೆ? ಕ್ಯೂ ಏರಿದಷ್ಟೂ ಕಾಯಿಲಿನಲ್ಲಿ ನಷ್ಟ ಹೆಚ್ಚು, ಟ್ಯೂನಿಂಗ್ ಕಿರಿದು. ಇಳಿದಷ್ಟೂ ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಬೇಡದ ಸಂಕೇತ) ಜಾಸ್ತಿ. 5 ಎರಡಕ್ಕೂ ನಡುವಿನ ಹದ.

ಆವರ್ತನ 7.05 ಮೆಗಾಹರ್ಟ್ಸ್, ಪೂರೈಕೆ 12 ವೋಲ್ಟ್, ಶಕ್ತಿ 5 ವಾಟ್. ಆವರ್ತನವನ್ನು 6.283ರಿಂದ ಗುಣಿಸಿದರೆ ಕೋನೀಯ ಆವರ್ತನ, ಅಂದರೆ 4.43 ಕೋಟಿ. ಇನ್ನು ಒಂದೊಂದಾಗಿ ಹೋಗೋಣ.

ಲೋಡ್ ರೋಧ = 0.516 × ವೋಲ್ಟೇಜಿನ ವರ್ಗ ÷ ಶಕ್ತಿ. 0.516 × 144 ÷ 5 = 14.9 ಓಮ್.

ಡ್ರೇನಿನಿಂದ ನೆಲಕ್ಕೆ ಕೂರುವ ಸಿ1 = 0.209 ÷ (ಕೋನೀಯ ಆವರ್ತನ × ರೋಧ). 318 ಪಿಕೋಫ್ಯಾರಡ್ ಬರುತ್ತದೆ. ಪೂರೈಕೆಯ ಚೋಕ್ (ಬ್ಯಾಟರಿಯಿಂದ ಡ್ರೇನಿಗೆ ಡಿಸಿ ಬಿಟ್ಟು ರೇಡಿಯೊ ಆವರ್ತನ ತಡೆಯುವ ಕಾಯಿಲ್) 22 ಮೈಕ್ರೋಹೆನ್ರಿ ಇದ್ದರೆ ಅದನ್ನು ಸರಿದೂಗಿಸಲು ಇನ್ನು 14 ಸೇರಿಸಿ: ಒಟ್ಟು 332.

ಸರಣಿಯಲ್ಲಿ ಕೂರುವ ಸಿ2 = 0.269 ÷ (ಕೋನೀಯ ಆವರ್ತನ × ರೋಧ). 409 ಬರುತ್ತದೆ, ಚೋಕ್ ತಿದ್ದುಪಡಿಗೆ 5 ಕಳೆಯಿರಿ: 404 ಪಿಕೋಫ್ಯಾರಡ್.

ಸರಣಿ ಕಾಯಿಲ್ ಎಲ್2 = 5 × ರೋಧ ÷ ಕೋನೀಯ ಆವರ್ತನ = 1.68 ಮೈಕ್ರೋಹೆನ್ರಿ.

ಈಗ ಕಾಗದದ ಲೆಕ್ಕದಿಂದ ಅಂಗಡಿಯ ಲೆಕ್ಕಕ್ಕೆ ಇಳಿಯಬೇಕು. ಸಿ1ರ 332ರಲ್ಲಿ ಒಂದು ಪಾಲನ್ನು ಟ್ರಾನ್ಸಿಸ್ಟರ್‌ಗಳೇ ಹೊತ್ತು ತಂದಿರುತ್ತವೆ. ಮೂರು ಬಿಎಸ್170ಗಳ ಡ್ರೇನ್ ಕೆಪಾಸಿಟನ್ಸ್ ಸರಾಸರಿ 60 ಪಿಕೋಫ್ಯಾರಡ್ ಎಂದು ಹಿಡಿದರೆ ನಾವು ಹಾಕಬೇಕಾದದ್ದು 270. ಸಿ2ಗೆ 220 ಮತ್ತು 180 ಅಕ್ಕಪಕ್ಕ ಹಾಕಿ. 400 ಆಯಿತು, ಕರೆಂಟೂ ಇಬ್ಬರಿಗೆ ಹಂಚಿಹೋಯಿತು.

ಈ ಕೆಪಾಸಿಟರ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಸಿ2ರ ಮೇಲೆ ರೇಡಿಯೊ ಆವರ್ತನದ 46 ವೋಲ್ಟ್ ಶಿಖರ, ಅದರ ಜೊತೆಗೆ 12 ವೋಲ್ಟ್ ಡಿಸಿ, ಒಟ್ಟು 58 ವೋಲ್ಟ್ ಬೀಳುತ್ತದೆ. 50 ವೋಲ್ಟಿನದು ಆಗದು. 100 ವೋಲ್ಟ್ ಅಥವಾ ಮೇಲಿನದನ್ನೇ ತನ್ನಿ, ಎನ್‌ಪಿ0 (ಮೌಲ್ಯ ಸ್ಥಿರವಾಗಿರುವ ಸೆರಾಮಿಕ್ ಜಾತಿ) ಎಂದು ಕೇಳಿ ತನ್ನಿ. ಎಕ್ಸ್7ಆರ್ ಜಾತಿಯದು ವೋಲ್ಟೇಜು ಏರಿದಂತೆ ಮೌಲ್ಯ ಕಳೆದುಕೊಳ್ಳುತ್ತದೆ, ಬಿಸಿಯೂ ಆಗುತ್ತದೆ. ಪೂರೈಕೆಯ ಬೈಪಾಸಿಗೆ ಸೈ, ಇಲ್ಲಿಗೆ ಸಲ್ಲದು.

ಒಂದು ಕಾಯಿಲ್ ಉಳಿಸುವ ಉಪಾಯ

14.9 ಓಮನ್ನು ಆಂಟೆನಾದ 50 ಓಮ್‌ಗೆ ಏರಿಸಬೇಕು. ಟ್ರಾನ್ಸ್‌ಫಾರ್ಮರ್ ಸುತ್ತಬಹುದು, ಆದರೆ ಜಾಗ ತಿನ್ನುತ್ತದೆ. ಅದರ ಬದಲು ಎಲ್ ಆಕಾರದ ಜಾಲ ಸಾಕು: ಸರಣಿಯಲ್ಲಿ ಒಂದು ಕಾಯಿಲ್, 50 ಓಮ್ ಕಡೆಯಿಂದ ನೆಲಕ್ಕೆ ಒಂದು ಕೆಪಾಸಿಟರ್. ಲೆಕ್ಕ ಹಾಕಿದರೆ ಕಾಯಿಲ್ 0.52 ಮೈಕ್ರೋಹೆನ್ರಿ, ಕೆಪಾಸಿಟರ್ 694 ಪಿಕೋಫ್ಯಾರಡ್. ಕೈಗೆ ಸಿಗುವ 680 ಸಾಕು.

ಈ 0.52ರ ಕಾಯಿಲ್ ಕೂರುವುದು 1.68ರ ಎಲ್2 ಬೆನ್ನಿಗೇ, ಅದೂ ಸರಣಿಯಲ್ಲಿ. ಎರಡನ್ನೂ ಕೂಡಿಸಿ 2.2 ಮೈಕ್ರೋಹೆನ್ರಿಯ ಒಂದೇ ಕಾಯಿಲ್ ಸುತ್ತಿಬಿಡಿ. ಹೊಂದಾಣಿಕೆಗೆಂದು ಪ್ರತ್ಯೇಕ ಕಾಯಿಲೇ ಇಲ್ಲ.

ಕೆಂಪು ಬಣ್ಣದ ಟಿ50-2 ಟೊರಾಯ್ಡ್ (ಉಂಗುರದಾಕಾರದ ಕೋರ್) ಮೇಲೆ 21 ಸುತ್ತು ಸುತ್ತಿದರೆ 2.16 ಮೈಕ್ರೋಹೆನ್ರಿ. ತಂತಿ 22 ಗೇಜಿನ ಎನಾಮಲ್ ತಂತಿ, 0.7 ಮಿಲಿಮೀಟರ್ ದಪ್ಪದ್ದು. ರಂಧ್ರದೊಳಗೆ ತಂತಿ ಒಂದು ಸಲ ಹಾದರೆ ಅದು ಒಂದು ಸುತ್ತು. ಹೊರಗಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ತಂತಿ ಉಂಗುರದ ಮುಕ್ಕಾಲು ಭಾಗದಷ್ಟು ಹರಡಿಕೊಂಡಿರಲಿ, ಆಮೇಲೆ ಒತ್ತಲೂ ಬಿಡಿಸಲೂ ಜಾಗ ಬೇಕು. ಇಂಥ ಕಾಯಿಲಿನ ಸ್ವಂತ ಕ್ಯೂ 200 ಎಂದು ಹಿಡಿದರೆ ಇದರಲ್ಲಿ ಕಳೆಯುವುದು ಶೇ 3ರಷ್ಟು. ಟ್ರಾನ್ಸಿಸ್ಟರ್‌ಗಳ ಆನ್ ರೋಧದಲ್ಲಿ ಶೇ 5ರ ಸುಮಾರು ಹೋಗುತ್ತದೆ. ಉಳಿದ ಚಿಲ್ಲರೆಯನ್ನೂ ಸೇರಿಸಿದರೆ ದಕ್ಷತೆ ಶೇ 85ರ ಆಚೀಚೆ ನಿಲ್ಲುತ್ತದೆ.

ಚೋಕ್‌ಗೆ ಎಫ್‌ಟಿ50-43 ಫೆರೈಟ್ ಮೇಲೆ 7 ಸುತ್ತು, ಸುಮಾರು 22 ಮೈಕ್ರೋಹೆನ್ರಿ. ಇದರಲ್ಲಿ ಅರ್ಧ ಆಂಪಿಯರ್ ಡಿಸಿ ಹರಿಯುತ್ತದೆ. ಇನ್ನೂ ಚಿಕ್ಕ ಕೋರ್ ಹಾಕುವ ಆಸೆಯಾದರೆ ಅದು ಸ್ಯಾಚುರೇಶನ್ನಿಗೆ ಹತ್ತಿರವಾಗುತ್ತದೆ ಎಂಬುದು ನೆನಪಿರಲಿ.

ಡ್ರೈವ್: ಆಂಡ್ ಗೇಟೇ ಇರಲಿ

ಸಿಗ್ನಲ್ ಆವರ್ತನ ಹುಟ್ಟಿಸುವ ಎಸ್‌ಐ5351 ಚಿಪ್ಪಿನಿಂದ ಬರುತ್ತದೆ ಎಂದಿಟ್ಟುಕೊಳ್ಳೋಣ. ಅದರ ಹೊರಹರಿವು 3.3 ವೋಲ್ಟ್. 5 ವೋಲ್ಟಿನಲ್ಲಿ ನಡೆಯುವ 74ಎಸಿ ಕುಟುಂಬದ ಚಿಪ್ಪಿಗೆ ಒಳಬರುವ ಸಂಕೇತ 3.5 ವೋಲ್ಟ್ ಇರಬೇಕು, ಹಾಗಾಗಿ ಅದು ಬೇಡ. 74ಎಸಿಟಿ ಕುಟುಂಬಕ್ಕೆ 2 ವೋಲ್ಟ್ ಸಾಕು. ಒಂದು 74ಎಸಿಟಿ08 (ಎರಡೂ ಒಳಹರಿವು ಮೇಲಿದ್ದಾಗ ಮಾತ್ರ ಹೊರಹರಿವು ಮೇಲೇರಿಸುವ ಆಂಡ್ ಗೇಟ್‌ಗಳ ಚಿಪ್ಪು) ತೆಗೆದುಕೊಂಡು ಅದರ ನಾಲ್ಕೂ ಗೇಟ್‌ಗಳನ್ನು ಸಮಾಂತರ ಮಾಡಿ. ಎಲ್ಲದರ ಒಂದು ಒಳಹರಿವಿನ ಕಾಲಿಗೆ ಸಿಗ್ನಲ್, ಇನ್ನೊಂದಕ್ಕೆ ಕೀ (ಪ್ರಸಾರ ಆನ್-ಆಫ್ ಮಾಡುವ ಸ್ವಿಚ್), ಹೊರಹರಿವು ಟ್ರಾನ್ಸಿಸ್ಟರ್‌ಗಳ ಗೇಟಿಗೆ.

ನ್ಯಾಂಡ್ ಗೇಟ್ ಚಿಪ್ಪು ಕೈಯಲ್ಲಿದೆ, ಅದನ್ನೇ ಹಾಕಿದರಾಯಿತು ಎನ್ನುವವರಿಗೆ: ಕೀ ಬಿಟ್ಟಾಗ ನ್ಯಾಂಡ್ ಹೊರಹರಿವು ಮೇಲೆ ನಿಲ್ಲುತ್ತದೆ. ಮೂರೂ ಟ್ರಾನ್ಸಿಸ್ಟರ್ ಆನ್, ಚೋಕ್ ಮೂಲಕ ಬ್ಯಾಟರಿ ನೇರ ನೆಲಕ್ಕೆ. ಹೊಗೆ ಬರಲು ಕ್ಷಣ ಸಾಕು. ಆಂಡ್ ಗೇಟ್ ಸುಮ್ಮನಿದ್ದಾಗ ಕೆಳಗೇ ಇರುತ್ತದೆ. ಟ್ರಾನ್ಸಿಸ್ಟರ್‌ಗಳ ಗೇಟಿನಿಂದ ನೆಲಕ್ಕೆ 10 ಕಿಲೋಓಮ್ ರೋಧಕವನ್ನೂ ಹಾಕಿ; 5 ವೋಲ್ಟ್ ಇನ್ನೂ ಬಂದಿರದೆ 12 ವೋಲ್ಟ್ ಮೊದಲೇ ಬಂದರೆ ಅದು ಕಾಯುತ್ತದೆ.

ಬೋರ್ಡು

ಎರಡು ಮುಖದ ತಾಮ್ರದ ಹಲಗೆ, ಕೆಳಮುಖ ಪೂರ್ತಿ ನೆಲ. ಡ್ರೇನ್, ಸಿ1, ಸೋರ್ಸ್ ಈ ಮೂರರ ನಡುವಿನ ಸುತ್ತು ಆದಷ್ಟು ಬಿಗಿಯಾಗಿರಲಿ. ಒಂದು ಮಿಲಿಮೀಟರ್ ತಂತಿ ಸುಮಾರು ಒಂದು ನ್ಯಾನೋಹೆನ್ರಿ. ಟ್ರಾನ್ಸಿಸ್ಟರಿನ ಕಾಲನ್ನು ಉದ್ದ ಬಿಟ್ಟರೆ ಡ್ರೇನಿನಲ್ಲಿ ಅನಗತ್ಯ ಕಂಪನ ಕಾಣಿಸಿಕೊಳ್ಳುತ್ತದೆ. ಕಾಲುಗಳನ್ನು ಬೋರ್ಡಿಗೆ ಅಂಟುವಷ್ಟು ಗಿಡ್ಡ ಮಾಡಿ. ಚೋಕಿನ ಪೂರೈಕೆ ತುದಿಯಲ್ಲಿ 100 ನ್ಯಾನೋಫ್ಯಾರಡ್ ಮತ್ತು 10 ಮೈಕ್ರೋಫ್ಯಾರಡ್. ಟೊರಾಯ್ಡ್‌ಗಳು ಒಂದಕ್ಕೊಂದು ಲಂಬವಾಗಿ ನಿಲ್ಲಲಿ. ಫಿಲ್ಟರ್ ಸೇರಿ ಎಲ್ಲವೂ 30 × 60 ಮಿಲಿಮೀಟರಿನಲ್ಲಿ ಹಿಡಿಸುತ್ತದೆ.

ಹಾರ್ಮೋನಿಕ್ ಫಿಲ್ಟರ್ ಬಿಡುವಂತಿಲ್ಲ. ಸ್ವಿಚ್ಚಿನಂತೆ ನಡೆಯುವ ಆಂಪ್ಲಿಫೈಯರ್ 14.1ರಲ್ಲೂ 21.15 ಮೆಗಾಹರ್ಟ್ಸ್‌ನಲ್ಲೂ ಬೇಡದ ಸಂಕೇತ ಹೊರಡಿಸುತ್ತದೆ. ಏಳು ಘಟಕಗಳ ಲೋ-ಪಾಸ್ ಫಿಲ್ಟರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಮೌಲ್ಯಗಳಿವೆ: ನೆಲಕ್ಕೆ 270, 680, 680, 270 ಪಿಕೋಫ್ಯಾರಡ್, ಅವುಗಳ ನಡುವೆ 1.4, 1.7, 1.4 ಮೈಕ್ರೋಹೆನ್ರಿ. ಹಳದಿ ಟಿ37-6 ಮೇಲೆ ಕ್ರಮವಾಗಿ 21, 24, 21 ಸುತ್ತು. ಮೊದಲ 270 ನಮ್ಮ ಹೊಂದಾಣಿಕೆಯ 680ರ ಪಕ್ಕದಲ್ಲೇ ಬಂದು ಕೂರುತ್ತದೆ.

ಮೊದಲ ಸಲ ಕರೆಂಟು ಕೊಡುವುದು

ಡಮ್ಮಿ ಲೋಡಿಗೆ 1 ಕಿಲೋಓಮ್, ಅರ್ಧ ವಾಟಿನ ಇಪ್ಪತ್ತು ರೋಧಕಗಳನ್ನು ಸಮಾಂತರವಾಗಿ ಬೆಸೆಯಿರಿ. 50 ಓಮ್, 10 ವಾಟ್. ವೈರ್‌ವೌಂಡ್ ರೋಧಕ ಬೇಡ, ಅದು ಸ್ವತಃ ಕಾಯಿಲ್.

ಪೂರೈಕೆ 6 ವೋಲ್ಟಿನಲ್ಲಿ, ಕರೆಂಟಿನ ಮಿತಿ 200 ಮಿಲಿಆಂಪಿಯರಿನಲ್ಲಿ ಶುರು ಮಾಡಿ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 6 ವೋಲ್ಟಿಗೆ 1.25 ವಾಟ್, ಕರೆಂಟು 250 ಮಿಲಿಆಂಪಿಯರಿನ ಸುಮಾರು ಇರಬೇಕು. ಹಾಗಾಗಿ 200ರ ಮಿತಿಯಲ್ಲಿ ವೋಲ್ಟೇಜು ತುಸು ಕುಸಿಯುವುದು ಸಹಜ. ಒಂದು ವೋಲ್ಟಿಗೇ ಕುಸಿದು ಕೂತರೆ ಎಲ್ಲೋ ಶಾರ್ಟ್ ಇದೆ. ಸುಸೂತ್ರವೆನಿಸಿದ ಮೇಲೆ ಮಿತಿಯನ್ನು 700ಕ್ಕೆ ಏರಿಸಿ 12 ವೋಲ್ಟಿಗೆ ಹೋಗಿ. ಪೂರ್ಣ ಶಕ್ತಿಯಲ್ಲಿ ಲೋಡಿನ ಮೇಲೆ ಶಿಖರದಿಂದ ಶಿಖರಕ್ಕೆ 44.7 ವೋಲ್ಟ್, ಬ್ಯಾಟರಿಯಿಂದ 0.49 ಆಂಪಿಯರ್ ಕಂಡರೆ ಅದೇ ಶೇ 85.

ಡ್ರೇನಿನ ಅಲೆಯನ್ನು ಓದುವುದು

ಈ ಕೆಲಸದ ಜೀವಾಳ ಇಲ್ಲಿದೆ. ಆಸಿಲೋಸ್ಕೋಪಿನ ಪ್ರೋಬ್ ಹತ್ತು ಪಟ್ಟಿನ ಸ್ಥಾನದಲ್ಲಿರಲಿ, ಉದ್ದ ಕಪ್ಪು ಕ್ಲಿಪ್ ತೆಗೆದು ತುದಿಯ ಪುಟ್ಟ ಸ್ಪ್ರಿಂಗನ್ನೇ ಸೋರ್ಸಿಗೆ ಒತ್ತಿ. ಪ್ರೋಬ್ ತಾನೇ ಹತ್ತು ಹದಿನೈದು ಪಿಕೋಫ್ಯಾರಡ್ ಸೇರಿಸುತ್ತದೆ, ಸಿ1 ಅಷ್ಟು ಹೆಚ್ಚಾದಂತೆ ಎಂದು ಮನಸ್ಸಿನಲ್ಲಿಡಿ. ಎರಡನೇ ಚಾನೆಲ್ ಗೇಟಿನ ಮೇಲಿರಲಿ.

ಗೇಟ್ ಕೆಳಗಿಳಿದಾಗ ಡ್ರೇನ್ ಒಂದು ಗುಡ್ಡದಂತೆ ಏರಿ 43 ವೋಲ್ಟಿನ ಹತ್ತಿರ ಮುಟ್ಟಿ ಇಳಿಯಬೇಕು. ಇಳಿಜಾರಿನ ಬುಡ ನೆಲಕ್ಕೆ ಮೆಲ್ಲಗೆ ತಾಗುವ ಹೊತ್ತಿಗೇ ಗೇಟ್ ಮತ್ತೆ ಏರಬೇಕು. ಹಾಗಿಲ್ಲದಿದ್ದರೆ ಎರಡು ಬಗೆಯ ದೋಷ ಕಾಣುತ್ತದೆ.

ಡ್ರೇನ್ ಇನ್ನೂ 10-15 ವೋಲ್ಟಿನಲ್ಲಿರುವಾಗಲೇ ಗೇಟ್ ಏರಿ, ಅಲ್ಲಿಂದ ಗೋಡೆಯಂತೆ ನೇರ ಕೆಳಗೆ ಬಿದ್ದರೆ, ಸಿ1ರಲ್ಲಿದ್ದ ಚಾರ್ಜೆಲ್ಲ ಟ್ರಾನ್ಸಿಸ್ಟರಿನಲ್ಲಿ ಬೆಂದುಹೋಗುತ್ತಿದೆ ಎಂದರ್ಥ. ಸಿ1 ಸ್ವಲ್ಪ ಕಡಿಮೆ ಮಾಡಿ, ಅಥವಾ ಕಾಯಿಲಿನ ಸುತ್ತುಗಳನ್ನು ಬೆರಳಿನಿಂದ ಒತ್ತಿ ಹತ್ತಿರ ತನ್ನಿ. ಸುತ್ತು ಹತ್ತಿರವಾದಷ್ಟೂ ಇಂಡಕ್ಟನ್ಸ್ ಏರುತ್ತದೆ, ಅಲೆಯ ತಗ್ಗು ಕೆಳಗೂ ಬಲಕ್ಕೂ ಸರಿಯುತ್ತದೆ.

ಗೇಟ್ ಏರುವ ಮೊದಲೇ ಡ್ರೇನ್ ಸೊನ್ನೆ ಮುಟ್ಟಿ, ಅದಕ್ಕೂ ಕೆಳಗೆ ಅರ್ಧ ಮುಕ್ಕಾಲು ವೋಲ್ಟ್ ಇಳಿದು ಚಪ್ಪಟೆಯಾಗಿ ನಿಂತರೆ, ಒಳಗಿನ ಡಯೋಡ್ ಕರೆಂಟು ಹೊರುತ್ತಿದೆ. ಇದು ಮೊದಲಿನದರಷ್ಟು ಅಪಾಯವಲ್ಲ, ಆದರೂ ನಷ್ಟವೇ. ಸುತ್ತುಗಳನ್ನು ಬಿಡಿಸಿ, ಅಥವಾ ಸಿ1ಗೆ 22 ಪಿಕೋಫ್ಯಾರಡ್ ಸೇರಿಸಿ.

ಕಾಯಿಲ್ ಮುಟ್ಟುವ ಮುನ್ನ ಪ್ರಸಾರ ನಿಲ್ಲಿಸಿ: ಅದರ ಎರಡು ತುದಿಗಳ ನಡುವೆ 80 ವೋಲ್ಟ್ ರೇಡಿಯೊ ಆವರ್ತನ ಇರುತ್ತದೆ, ಬೆರಳಿಗೆ ಚುರುಕ್ ಎನ್ನುವ ಸುಟ್ಟಗಾಯ ಮಾಡುತ್ತದೆ. ಹೊರಹರಿವಿನ ಶಕ್ತಿ ಗರಿಷ್ಠವಾಗುವ ಜಾಗವನ್ನೇ ಹುಡುಕುವ ಚಾಳಿಯನ್ನೂ ಬಿಡಿ. ಕ್ಲಾಸ್-ಇಯಲ್ಲಿ ಗರಿಷ್ಠ ಶಕ್ತಿಯೂ ಗರಿಷ್ಠ ದಕ್ಷತೆಯೂ ಒಂದೇ ಬಿಂದುವಿನಲ್ಲಿ ಸಿಗುವುದಿಲ್ಲ. ಮೀಟರಿನ ಮುಳ್ಳಿಗಿಂತ ಡ್ರೇನಿನ ಅಲೆಯನ್ನು ನಂಬಿ.

ಬೇರೆ ಬ್ಯಾಂಡಿಗೆ ಒಯ್ಯುವುದಾದರೆ ವೋಲ್ಟೇಜು, ಶಕ್ತಿ ಅಷ್ಟೇ ಇಟ್ಟು ಕೆಪಾಸಿಟರ್, ಕಾಯಿಲ್ ಮೌಲ್ಯಗಳನ್ನು ಆವರ್ತನಕ್ಕೆ ತಕ್ಕಂತೆ ಇಳಿಸಿ. 14 ಮೆಗಾಹರ್ಟ್ಸ್‌ಗೆ ಎಲ್ಲವೂ ಅರ್ಧ. ಹೊರಗಿನ ಸಿ1 100 ಪಿಕೋಫ್ಯಾರಡ್. 28ಕ್ಕೆ ಹೋದರೆ ಸಿ1 ಒಟ್ಟು 83, ಅದರಲ್ಲಿ 60 ಟ್ರಾನ್ಸಿಸ್ಟರ್‌ಗಳದೇ. ಬಿಎಸ್170ರ ಗಡಿ ಅಲ್ಲಿಗೆ ಮುಗಿಯಿತು.

ಮಲೆನಾಡಿನ ತೇವ, ಬ್ಯಾಟರಿ, ಆಂಟೆನಾ

ಆಲೂರಿನಿಂದ ಆಚೆಗೆ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೇ ಬೂಷ್ಟು ಹಿಡಿಯುತ್ತದೆ. ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಅದು ತೇವ ಹೀರಿ ತಾಮ್ರಕ್ಕೆ ಹಸಿರು ತುಕ್ಕು ಬರಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಅಕ್ರಿಲಿಕ್ ಲೇಪ ತೆಳುವಾಗಿ ಹೊಡೆಯಿರಿ. ಟ್ಯೂನಿಂಗ್ ಮುಗಿದ ಮೇಲೆಯೇ ಲೇಪ. ಲೇಪದ ನಂತರ ಡ್ರೇನಿನ ಅಲೆಯನ್ನು ಇನ್ನೊಮ್ಮೆ ನೋಡಿ. ಹೀಟ್‌ಸಿಂಕ್ ಇಲ್ಲವಾದ್ದರಿಂದ ಗಾಳಿಕಿಂಡಿಯ ಅಗತ್ಯವೂ ಇಲ್ಲ. ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಶೇ 50ರ ಆಂಪ್ಲಿಫೈಯರಿಗೆ ಈ ಭಾಗ್ಯವಿಲ್ಲ.

ಚಾರ್ಜರ್ ಜೋಡಿಸಿಕೊಂಡೇ ಪ್ರಸಾರ ಮಾಡಬೇಡಿ. ಲೆಡ್ ಆಸಿಡ್ ಬ್ಯಾಟರಿ ಚಾರ್ಜಾಗುವಾಗ 14.4 ವೋಲ್ಟ್ ಮುಟ್ಟುತ್ತದೆ, ಶಕ್ತಿ 7.2 ವಾಟಿಗೂ ಡ್ರೇನ್ 51 ವೋಲ್ಟಿಗೂ ಏರುತ್ತದೆ. ಆಂಟೆನಾ ಹೊಂದಾಣಿಕೆ ಅದೇ ಹೊತ್ತಿಗೆ ಕೆಟ್ಟರೆ 60ರ ಗಡಿ ದಾಟುವುದು ಸುಲಭ.

ಮೋರ್ಸಿಗೆ ಬಳಸುವವರು ಪೂರೈಕೆಯ ದಾರಿಯಲ್ಲಿ ಒಂದು ಪಿ-ಚಾನೆಲ್ ಮಾಸ್‌ಫೆಟ್ ಇಟ್ಟು, 12 ವೋಲ್ಟು ಐದು ಮಿಲಿಸೆಕೆಂಡಿನಲ್ಲಿ ನಿಧಾನ ಏರಿಳಿಯುವಂತೆ ಮಾಡಿ. ಹೊರಹರಿವಿನ ವೋಲ್ಟೇಜು ಪೂರೈಕೆಯನ್ನೇ ಹಿಂಬಾಲಿಸುವುದರಿಂದ ಪಕ್ಕದ ಆವರ್ತನದವರಿಗೆ ಟಕ್ ಟಕ್ ಕಿರಿಕಿರಿ ತಪ್ಪುತ್ತದೆ. ಡ್ರೈವ್ ಮೊದಲು ಬರಲಿ, ಪೂರೈಕೆ ಆಮೇಲೆ. ನಿಲ್ಲಿಸುವಾಗ ಪೂರೈಕೆ ಮೊದಲು ಇಳಿಯಲಿ.

ಆಂಟೆನಾಗೆ ಕಾಫಿ ತೋಟದವರು ಪುಣ್ಯವಂತರು. 20.3 ಮೀಟರ್ ಉದ್ದದ ಡೈಪೋಲನ್ನು (ನಡುವೆ ಸಿಗ್ನಲ್ ಕೊಡುವ ನೇರ ತಂತಿಯ ಆಂಟೆನಾ) ಎರಡು ಸಿಲ್ವರ್ ಓಕ್ ಮರಗಳ ನಡುವೆ ಐದಾರು ಮೀಟರ್ ಎತ್ತರಕ್ಕೆ ಕಟ್ಟಿದರೆ ಸಾಕು. ಇನ್ನೂ ಮೇಲೇರಿಸುವ ಹಟ ಬೇಡ: ಇನ್ನೂರು ಮುನ್ನೂರು ಕಿಲೋಮೀಟರಿನ ಒಳಗಿನ ಸಂಪರ್ಕಕ್ಕೆ ತಗ್ಗಿನ ಆಂಟೆನಾವೇ ತರಂಗವನ್ನು ನೆತ್ತಿಗೆ ಕಳಿಸುವುದು. ಹಗ್ಗ ನೈಲಾನಿನದಿರಲಿ, ಗಾಳಿಗೆ ಮರ ತೂಗುವಷ್ಟು ಸಡಿಲ ಬಿಡಿ. ತೀರಾ ಬಿಗಿ ಕಟ್ಟಿದರೆ ಆಷಾಢದ ಗಾಳಿಗೆ ತಂತಿ ತುಂಡಾಗುತ್ತದೆ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಹಗ್ಗ ಕಟ್ಟುವ ಮುನ್ನ ತೋಟದ ಯಜಮಾನರನ್ನು ಒಂದು ಮಾತು ಕೇಳುವುದು ಲೇಸು.